ಶನಿವಾರದ ಎಣ್ಣೆ

ರಕ್ತ ಕೊಡುವುದಕ್ಕೆ ಹೆದರುವವರನ್ನು ನಾನು ಕಡಿಮೆ ಕಂಡಿದ್ದೇನೆ. ಅಡುಗೆಮನೆಯ ಎಣ್ಣೆ ತೋರಿಸುವುದಕ್ಕೆ ಹೆದರುವವರೇ ಹೆಚ್ಚು. ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸಿ ಧೈರ್ಯವಾಗಿ ತೋಳು ಚಾಚಿದ ಹೆಣ್ಣುಮಗಳು ಕೂಡ, ನಿಮ್ಮ ಮನೆಯ ಎಣ್ಣೆ ಒಂದಿಷ್ಟು ಕೊಡಿ ಎಂದರೆ ಸೆರಗು ಸರಿಮಾಡಿಕೊಂಡು ಅತ್ತೆಯ ಮುಖ ನೋಡುತ್ತಿದ್ದಳು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಈ ಎರಡನ್ನೂ ಕೇಳಿ ಪಡೆಯುವುದೇ ನನ್ನ ದುಡಿಮೆಯಾಗಿತ್ತು. ಕಾಗದದಲ್ಲಿ ಅದಕ್ಕೆ ಕ್ಷೇತ್ರ ಸಹಾಯಕಿ ಎಂದು ಹೆಸರು. ಊರವರ ಬಾಯಲ್ಲಿ ನಾನು ‘ಎಣ್ಣಿಬಾಟ್ಲಿಯಾಕಿ’.

ಕೆಲಸ ನಿಜವಾಗಿ ನನ್ನ ಅಕ್ಕನದು. ಅಕ್ಕ ಶಿವಲೀಲಾ ಜೀವರಸಾಯನ ವಿಜ್ಞಾನಿ. ನಾವು ತಿಂದ ಎಣ್ಣೆ, ತುಪ್ಪ, ಕಾಳಿನ ಜಿಡ್ಡು ಮೈಯೊಳಗೆ ಹೋಗಿ ಏನಾಗುತ್ತದೆ, ಯಾವುದು ಉರಿದು ಶಕ್ತಿಯಾಗುತ್ತದೆ, ಯಾವುದು ಕೊಬ್ಬಾಗಿ ಕೂರುತ್ತದೆ, ಯಾವುದು ರಕ್ತನಾಳಕ್ಕೆ ಮೆತ್ತಿಕೊಳ್ಳುತ್ತದೆ ಎನ್ನುವುದನ್ನು ತಿಳಿಯುವುದರಲ್ಲೇ ಅವಳ ಆಯುಷ್ಯ ಹೋಯಿತು. ನಾನು ಏಳನೆಯ ಇಯತ್ತೆಯ ನಂತರ ಶಾಲೆ ಬಿಟ್ಟವಳು. ಈಗ ಇಬ್ಬರೂ ನಿವೃತ್ತರು, ಒಂದೇ ಮನೆಯಲ್ಲಿದ್ದೇವೆ.

ಈಚೆಗೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಅಕ್ಕನನ್ನು ನೋಡಲು ಬಂದಿದ್ದರು. ಹಳ್ಳಿಗಳಲ್ಲಿ ಹೇಗೆ ಕೆಲಸ ಮಾಡಬೇಕೆಂದು ಕೇಳಿದರು. ಮಷಿನ್ ವಿಷಯ ತನ್ನನ್ನು ಕೇಳಿ, ಮನೆಯೊಳಗೆ ಕಾಲಿಡುವ ವಿಷಯ ಸುಗಲಾಳನ್ನು ಕೇಳಿ ಎಂದು ಅಕ್ಕ ನನ್ನ ಕಡೆ ಕೈ ತೋರಿಸಿದಳು. ನಾನು ನಗಿಸುವಂಥ ಸಂಗತಿಗಳನ್ನೆಲ್ಲ ಹೇಳಿದೆ. ಒಂದನ್ನು ಬಿಟ್ಟೆ. ಅಕ್ಕನ ಕೆಲಸವನ್ನು ನಾನು ಒಮ್ಮೆ ಹೇಗೆ ಕೆಡಿಸಿದೆ, ಅದರ ಕಲೆ ಒಬ್ಬ ಒಳ್ಳೆಯ ಮನುಷ್ಯನ ಮೇಲೆ ಹೇಗೆ ಬಿತ್ತು ಎನ್ನುವುದನ್ನು. ಅದನ್ನು ಬಿಟ್ಟರೆ ಉಳಿದದ್ದು ಬರೀ ಹೊಗಳಿಕೆಯಾಗುತ್ತದೆ. ಅಕ್ಕ ಅದಕ್ಕಿಂತ ದೊಡ್ಡವಳು. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಅಡುಗೆಮನೆಯ ಕಾರಣಕ್ಕೆ. ಅಕ್ಕ ಹೊರಗಿನ ಊರುಗಳಲ್ಲಿ ಓದು ಮುಗಿಸಿ ಕಲಬುರಗಿಯ ಒಂದು ಕಾಲೇಜಿಗೆ ಬಂದ ಹೊಸದರಲ್ಲಿ, ನಮ್ಮ ಸೀಮೆಯ ಕುಸುಬಿ ಎಣ್ಣೆ, ಅಗಸಿ ಹಿಂಡಿ ಎನ್ನುವ ಚಟ್ನಿಪುಡಿ, ಶೇಂಗಾ ಇವನ್ನು ತಿನ್ನುವವರ ರಕ್ತದಲ್ಲಿ ಏನಿದೆ ಎಂದು ನೋಡುವ ಕೆಲಸ ಹಿಡಿದಳು. ಮೊದಲು ಹಳ್ಳಿಗೆ ಹೋದವರು ಗಂಡಸರು. ಅವರು ಕಟ್ಟೆಯ ಮೇಲೆ ಕುಳಿತು ಯಾವ ಎಣ್ಣೆ ತಿನ್ನುತ್ತೀರಿ ಎಂದು ಯಜಮಾನರನ್ನು ಕೇಳಿ ಬರೆದುಕೊಂಡು ಬಂದರು. ಎಲ್ಲ ಮನೆಯಲ್ಲೂ ಕುಸುಬಿ, ಎಲ್ಲ ಮನೆಯಲ್ಲೂ ಮನೆಯ ತುಪ್ಪ. ಅಕ್ಕ ಅದನ್ನು ಓದಿ ನಕ್ಕಳಂತೆ. ಆಮೇಲೆ ಆಳಂದದ ನಮ್ಮ ಮನೆಗೆ ಬಂದು, ನಾನು ಹೊಲಿಗೆ ಮಷಿನ್ ಮುಂದೆ ಕುಳಿತಿದ್ದಾಗ ಎದುರಿಗೇ ನೆಲದ ಮೇಲೆ ಕುಳಿತಳು.

“ಎಣ್ಣಿ ಒಲಿ ಮ್ಯಾಲ ಏನಾಗ್ತದ ಅನ್ನೂದು ನಿನಗ ಗೊತ್ತದ. ಹೊಟ್ಟಿಗೆ ಹೋದಮ್ಯಾಲ ಏನಾಗ್ತದ ಅನ್ನೂದು ನನಗ ಬೇಕಾಗ್ಯದ. ಇಬ್ಬರೂ ಕೂಡಿದ್ರ ಪೂರಾ ಆಗ್ತದ ನೋಡು,” ಎಂದಳು.

ನನ್ನ ಗಂಡ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅವರು ಒಪ್ಪಿದರು, ನಾನು ಹೊರಟೆ.

ಕಲಿಯಬೇಕಾದದ್ದು ಬಹಳವಿತ್ತು. ಕಂದು ಗಾಜಿನ ಸಣ್ಣ ಬಾಟ್ಲಿ. ಬೆಳಕು ತಾಗಿದರೆ ಎಣ್ಣೆ ಕೆಡುತ್ತದೆ ಎಂದು ಆ ಬಣ್ಣ. ಮೇಲೆ ಮನೆಯ ನಂಬರು ಮಾತ್ರ, ಹೆಸರಿಲ್ಲ. ರಕ್ತದ ನಳಿಕೆಗೂ ಅದೇ ನಂಬರು. ಯಾವ ಮನೆಯ ಎಣ್ಣೆ, ಯಾವ ಮನೆಯ ರಕ್ತ ಎಂದು ಕೊನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಅಕ್ಕನ ಇಡೀ ಲೆಕ್ಕಾಚಾರ. ರಕ್ತ ಖಾಲಿ ಹೊಟ್ಟೆಯಲ್ಲಿ ತೆಗೆಯಬೇಕು, ಮಂಜುಗಡ್ಡೆಯಲ್ಲಿ ಇಟ್ಟು ಅದೇ ದಿನ ಕಲಬುರಗಿ ಮುಟ್ಟಿಸಬೇಕು.

ಒಮ್ಮೆ ಅಫಜಲಪುರದಿಂದ ಬರುವಾಗ ಬಸ್ಸು ತುಂಬಿತ್ತು. ಕಂಡಕ್ಟರು ನಮ್ಮ ಮಂಜಿನ ಪೆಟ್ಟಿಗೆಯನ್ನು ಮೀನಿನ ಪೆಟ್ಟಿಗೆ ಎಂದುಕೊಂಡು, ವಾಸನೆ ಬರುತ್ತದೆಂದು ಬಸ್ಸಿನ ಮೇಲೆ ಹಾಕಿಸಿದ್ದ. ನಾನು ಮುಂದಿನ ಸೀಟು ಸಿಕ್ಕ ಖುಷಿಯಲ್ಲಿ ಅದನ್ನು ನೋಡಿರಲೇ ಇಲ್ಲ. ಇಳಿದಾಗ ಪೆಟ್ಟಿಗೆ ಬಿಸಿನೀರಿನ ಹಂಡೆಯಂತೆ ಆಗಿತ್ತು. ಅಕ್ಕ ಮುಚ್ಚಳ ತೆಗೆದು ನೋಡಿ ಎಲ್ಲವನ್ನೂ ಚೆಲ್ಲಿದಳು. ಮಾರನೆಯ ದಿನವೇ ಅದೇ ಊರಿಗೆ ಹೋಗಿ, ಮನೆ ಮನೆಯ ಬಾಗಿಲಲ್ಲಿ ನಿಂತು, ನೀವು ಕೊಟ್ಟದ್ದನ್ನು ನಾವು ಕೆಡಿಸಿದೆವು, ತಪ್ಪಾಯಿತು ಎಂದು ಹೇಳಿದಳು. ಒಬ್ಬ ಮುದುಕ ಹಾಸಿಗೆಯಲ್ಲಿ ಎದ್ದು ಕುಳಿತು, “ಯವ್ವಾ, ಇಲ್ಲೀತನಕ ನಮ್ಮ ರಕ್ತ ಹೀರಿದವ್ರು ಯಾರೂ ತಪ್ಪಾತು ಅಂದಿಲ್ಲ. ನೀ ಮೊದಲನೇಕಿ,” ಎಂದ. ಮತ್ತೊಮ್ಮೆ ತೋಳು ಚಾಚಿದವರಲ್ಲಿ ಅವನೇ ಮೊದಲು.

ಲ್ಯಾಬಿನಲ್ಲಿ ಅಕ್ಕನ ಬಲಗೈ ಖಾಜಾಸಾಬ್. ಜೇವರ್ಗಿಯವರು. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ, ಆ ಕೈಯೇ ಮಗನಿಗೂ ಬಂದಿತ್ತು. ನಾನು ಸೇರಿದಾಗ ದೊಡ್ಡ ಮಷಿನ್ ಇನ್ನೂ ಬಂದಿರಲಿಲ್ಲ. ಗಾಜಿನ ಹಲಗೆಗೆ ಬಿಳಿ ಪುಡಿ ತೆಳ್ಳಗೆ ಬಳಿದು ಒಣಗಿಸಿ, ಅದರ ಬುಡದಲ್ಲಿ ರಕ್ತದಿಂದ ತೆಗೆದ ಕೊಬ್ಬಿನ ಹನಿ ಇಟ್ಟು, ವಾಸನೆಯ ದ್ರಾವಣದಲ್ಲಿ ನಿಲ್ಲಿಸುತ್ತಿದ್ದರು. ದ್ರಾವಣ ಮೇಲೇರಿದಂತೆ ಕೊಬ್ಬಿನ ಬಗೆಗಳು ಒಂದೊಂದು ಎತ್ತರದಲ್ಲಿ ನಿಂತುಬಿಡುತ್ತವೆ. ಆಮೇಲೆ ಅಯೋಡಿನ್ ತುಂಬಿದ ಜಾಡಿಯಲ್ಲಿ ಇಟ್ಟರೆ ಏನೂ ಇಲ್ಲದ ಹಲಗೆಯ ಮೇಲೆ ಹಳದಿ ಚುಕ್ಕೆಗಳು ಒಂದೊಂದಾಗಿ ಏಳುತ್ತವೆ. ಅದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತೆ. ಖಾಜಾಸಾಬ್ ಆ ಹಲಗೆ ಬಳಿಯುವಾಗ ಉಸಿರು ಹಿಡಿಯುತ್ತಿದ್ದರು. ಮುಂದೆ ದೊಡ್ಡ ಮಷಿನ್ ಬಂದು, ಚುಕ್ಕೆಗಳ ಬದಲು ಕಾಗದದ ಮೇಲೆ ಗುಡ್ಡದ ಸಾಲಿನಂಥ ಗೆರೆ ಬರತೊಡಗಿತು. ಒಂದೊಂದು ಗುಡ್ಡ ಒಂದೊಂದು ಬಗೆಯ ಕೊಬ್ಬು. ಕುಸುಬಿಯ ಗುಡ್ಡ ಯಾವುದು, ತಾಳೆ ಎಣ್ಣೆಯ ಗುಡ್ಡ ಯಾವುದು ಎಂದು ನನಗೂ ಗುರುತು ಹತ್ತಿತು.

ಅಕ್ಕನ ಮೇಲಿದ್ದ ವಿಭಾಗದ ಮುಖ್ಯಸ್ಥರು ಕೆಟ್ಟವರೇನಲ್ಲ, ಆದರೆ ಅವಸರದವರು. ಎಣ್ಣೆ ಹಿಂಡಿಯ ಮಾತು ಅಜ್ಜಿಯರಿಗೆ ಬಿಡಿ, ಬೇಗ ಬೇಗ ಲೇಖನ ಬರೆಯುವಂಥ ವಿಷಯ ಹಿಡಿಯಿರಿ ಎನ್ನುತ್ತಿದ್ದರು. ಅಕ್ಕ ವಾದ ಮಾಡುತ್ತಿರಲಿಲ್ಲ. ಒಮ್ಮೆ ಮಾತ್ರ, “ಅಜ್ಜಿಯಂದಿರಿಗೆ ಬಿಟ್ಟೇನ್ರಿ ಸರ್. ಅವರ ಹತ್ರಾನ ಕಲಿಯಾಕತ್ತೇನಿ,” ಎಂದು ಕೈ ಮುಗಿದು ಹೊರಬಂದಳು.

ಕಲಿತದ್ದೂ ನಿಜ. ಜೇವರ್ಗಿ ಕಡೆ ಬಾಣಂತಿಯರಿಗೆ ಅಗಸಿ ಹಿಂಡಿ ತಿನ್ನಿಸುವ ಮನೆಗಳಿದ್ದವು. ಆ ಅಗಸಿಯ ಕೊಬ್ಬು ತಾಯಿಯ ಹಾಲಿಗೆ ಇಳಿಯುತ್ತದೆಯೇ ಎಂದು ಅಕ್ಕನಿಗೆ ನೋಡಬೇಕಿತ್ತು. ಆದರೆ ಎದೆಹಾಲನ್ನು ಬಾಟ್ಲಿಗೆ ಹಾಕಿ ಹೊರಗೆ ಕಳಿಸಲು ಯಾವ ಅತ್ತೆ ಒಪ್ಪುತ್ತಾಳೆ? ದೃಷ್ಟಿಯಾಗುತ್ತದೆ, ಹಾಲು ಬತ್ತುತ್ತದೆ. ಕೊಳಕೂರಿನಲ್ಲಿ ಒಬ್ಬ ಅಜ್ಜಿ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿದಳು. ಅಕ್ಕ ಅವಳಿಗೆ ವಿಜ್ಞಾನ ಹೇಳಲಿಲ್ಲ. ದೃಷ್ಟಿ ಆಗದಂತೆ ಏನು ಮಾಡಬೇಕು, ನೀವೇ ಹೇಳಿ ಎಂದು ಕೇಳಿದಳು. ಅಜ್ಜಿ ಯೋಚಿಸಿ ಬಾಟ್ಲಿಯ ಕುತ್ತಿಗೆಗೆ ಕರಿದಾರ ಕಟ್ಟಿದಳು. ಅಂದಿನಿಂದ ನಮ್ಮ ಹಾಲಿನ ಬಾಟ್ಲಿಗಳಿಗೆಲ್ಲ ಕರಿದಾರ. ಖಾಜಾಸಾಬ್ ಮೊದಲ ದಿನ ಅವನ್ನು ಕಂಡು, “ಏ ಕ್ಯಾ ಹೈ ಮೇಡಂ, ತಾವೀಜು ಕಟ್ಟಿದ ಹಾಲು ಬಂದದಲ್ರಿ?” ಎಂದರು. ಬಿಚ್ಚಬೇಡಿ ಎಂದು ಅಕ್ಕ ಹೇಳಿದಳು. ಅವರು ಬಿಚ್ಚಲಿಲ್ಲ. ಫ್ರಿಜ್ಜಿನಲ್ಲಿ ಕರಿದಾರ ಕಂಡರೆ ಹಾಲು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು, ಅವರಿಗೂ ಅನುಕೂಲವೇ ಆಯಿತು. ಅಗಸಿಯ ಕೊಬ್ಬು ಹಾಲಿನಲ್ಲಿ ಇತ್ತು. ಅಕ್ಕ ಅದನ್ನು ಮೊದಲು ಹೇಳಲು ಹೋದದ್ದು ಆ ಅಜ್ಜಿಗೆ.

ಇಷ್ಟು ಹೇಳಿದ ಮೇಲೆ ನನ್ನ ಶನಿವಾರಕ್ಕೆ ಬರಬೇಕು.

ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ ಒಂದು ಊರು. ಹೆಸರು ಬೇಡ. ಶುಕ್ರವಾರ ಮುಂಜಾನೆ ಅಕ್ಕ ಮತ್ತು ನರ್ಸು ಬಂದು ರಕ್ತ ತೆಗೆದರು. ಅಕ್ಕ ಪೆಟ್ಟಿಗೆ ಹಿಡಿದು ಕಲಬುರಗಿಗೆ ಹೋದಳು. ನಾನು ಅಲ್ಲೇ ಉಳಿದು ಶನಿವಾರ ಅದೇ ಮನೆಗಳಿಂದ ಎಣ್ಣೆ ತರಬೇಕೆಂದು ಅವಳು ಏರ್ಪಾಡು ಮಾಡಿದ್ದಳು.

ಶನಿವಾರ ಯಾರೂ ಮನೆಯ ಎಣ್ಣೆ ಹೊರಗೆ ಕೊಡುವುದಿಲ್ಲ. ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದಿಲ್ಲ, ಶನಿವಾರ ಎಣ್ಣೆ ಕೊಡುವುದಿಲ್ಲ. ನಾನೂ ನನ್ನ ಮನೆಯಲ್ಲಿ ಕೊಟ್ಟವಳಲ್ಲ. ಆದರೂ ಅಕ್ಕ ವಾರ ಹೇಳಿದಾಗ ನಾನು ಬಾಯಿ ಬಿಡಲಿಲ್ಲ. ಭಾನುವಾರ ಆಳಂದದಲ್ಲಿ ನನ್ನ ಬಸುರಿ ನಾದಿನಿಗೆ ಉಡಿ ತುಂಬುವ ಕುಬಸ ಇತ್ತು. ಸೀರೆಯನ್ನೂ ತೆಗೆದಿಟ್ಟಿದ್ದೆ. ಶನಿವಾರ ಬೇಡ ಎಂದರೆ ಭಾನುವಾರ ಎನ್ನುತ್ತಾಳೆ ಎಂದು ಸುಮ್ಮನಾದೆ.

ಮೊದಲ ಮನೆಯ ಕಾಶಮ್ಮ ಬಾಗಿಲಲ್ಲೇ ನಿಂತು, ಇವತ್ತೊಂದು ದಿನ ಬಿಟ್ಟು ಯಾವತ್ತಾದರೂ ಬಾ ತಂಗಿ ಎಂದಳು. ನಿಮ್ಮದು ಯಾವ ಎಣ್ಣೆ ಎಂದೆ. ಊರ ಗಾಣದ ಕುಸುಬಿ ಎಂದಳು. ಎರಡನೆಯ ಮನೆಯಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಮುಂದಿನ ಬಾಗಿಲು ಬಡಿಯುವುದನ್ನು ಬಿಟ್ಟೆ. ಎಲ್ಲರದೂ ಅದೇ ಗಾಣದ ಎಣ್ಣೆ ಎಂದ ಮೇಲೆ ಮನೆಯಿಂದ ತಂದರೇನು, ಗಾಣದಿಂದ ತಂದರೇನು? ಗಾಣದವನಿಗೆ ಮಾರುವುದೇ ಕಸುಬು, ಅವನಿಗೆ ಯಾವ ಶನಿವಾರ? ಒಂದು ಡಬ್ಬಿಯಿಂದ ಎಣ್ಣೆ ತೆಗೆದುಕೊಂಡು ನನ್ನ ಎಲ್ಲ ಬಾಟ್ಲಿಗಳನ್ನೂ ತುಂಬಿದೆ. ತಿಳಿಯದೆ ಮಾಡಿದೆ ಎಂದು ನಾನು ಹೇಳಲಾರೆ. ಎಲ್ಲ ಒಂದೇ ಮಟ್ಟಕ್ಕಿದ್ದರೆ ಅನುಮಾನ ಬರುತ್ತದೆಂದು ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಹಾಕಿದೆ. ಅಷ್ಟು ಬುದ್ಧಿ ನನಗಿತ್ತು.

ಕುಬಸ ಚೆನ್ನಾಗಿ ಆಯಿತು.

ಕೆಲವು ವಾರಗಳ ನಂತರ ಲ್ಯಾಬಿನಲ್ಲಿ ಗದ್ದಲ ಎದ್ದಿತು. ಆ ಊರಿನ ಬಾಟ್ಲಿಗಳಲ್ಲೆಲ್ಲ ಅಚ್ಚ ಕುಸುಬಿ. ಆ ಊರಿನವರ ರಕ್ತದಲ್ಲಿ ಕುಸುಬಿಯ ಗುಡ್ಡ ತಗ್ಗು, ತಾಳೆ ಎಣ್ಣೆಯ ಗುಡ್ಡ ಎತ್ತರ. ಎಣ್ಣೆ ಒಂದು ಹೇಳುತ್ತದೆ, ರಕ್ತ ಇನ್ನೊಂದು ಹೇಳುತ್ತದೆ. ಅಕ್ಕ ಮೊದಲು ಖಾಜಾಸಾಬರಿಗೆ ಮತ್ತೊಮ್ಮೆ ಮಾಡಲು ಹೇಳಿದಳು. ಅದೇ ಬಂತು. ಮತ್ತೊಮ್ಮೆ, ಹೊಸ ದ್ರಾವಣ ತರಿಸಿ. ಅದೇ. ಆಮೇಲೆ ಅಕ್ಕನ ಕಣ್ಣಲ್ಲಿ ಒಂದು ಬೆಳಕು ಬಂತು. ಈ ಜನರ ಮೈಯೇ ಕುಸುಬಿಯನ್ನು ಬೇರೆ ರೀತಿಯಲ್ಲಿ ನಡೆಸಿಕೊಳ್ಳುತ್ತಿದೆಯೇ? ಯಾಕೆ? ಅವಳು ಊಟ ಮಾಡುವಾಗ, ಬಸ್ಸಿನಲ್ಲಿ, ಮಾತಿನ ನಡುವೆ ಅದನ್ನೇ ಯೋಚಿಸುತ್ತಿದ್ದಳು. ಹೊರಗಿನ ಊರಿನಲ್ಲಿ ದೊಡ್ಡ ವಿಜ್ಞಾನಿಗಳ ಮುಂದೆ ಅದನ್ನು ಹೇಳಿ ಬಂದಳು. ಅವರು ಮೆಚ್ಚಿದರಂತೆ. ಲೇಖನವೂ ಅಚ್ಚಿಗೆ ಸಿದ್ಧವಾಯಿತು. ನಾನು ಅವಳಿಗೆ ಚಹಾ ಕೊಟ್ಟು ಸುಮ್ಮನೆ ಬರುತ್ತಿದ್ದೆ.

ಮುಖ್ಯಸ್ಥರಿಗೆ ಮಾತ್ರ ಅನುಮಾನ. ಅವರ ಅನುಮಾನ ಹೋದದ್ದು ಖಾಜಾಸಾಬರ ಕಡೆಗೆ. ನಳಿಕೆಗಳ ನಂಬರು ಅದಲು ಬದಲು ಮಾಡಿರಬೇಕು ಎಂದು ಎಲ್ಲರ ಮುಂದೆ ಹೇಳಿದರು. ಖಾಜಾಸಾಬರ ಕೆಲಸ ಆಗ ವರ್ಷ ವರ್ಷಕ್ಕೆ ಮುಂದುವರಿಸುವಂಥದ್ದು. ಈ ಸಲ ಮುಂದುವರಿಸುವುದು ಬೇಕೇ ನೋಡೋಣ ಎಂಬ ಮಾತೂ ಬಂತು. ಅಂದು ಅವರು ತೊಳೆಯುವ ತೊಟ್ಟಿಯ ಹತ್ತಿರ ನಿಂತು ನಳಿಕೆ ತೊಳೆಯುತ್ತಿದ್ದರು. ನಾನು ಬಂದದ್ದನ್ನು ನೋಡಿ ಕೈ ಒರೆಸಿಕೊಂಡರು.

“ಸುಗಲಾಬಾಯಿ, ಇಷ್ಟು ವರ್ಷ ನನ್ನ ಕೈ ಅಂದ್ರ ನನಗ ನಂಬಿಕಿ ಇತ್ತು. ಈಗ ನನ್ನ ಕೈ ಮ್ಯಾಲ ನನಗ ಅನುಮಾನ ಬರಾಕತ್ತದ,” ಎಂದರು.

ಆಗ ಹೇಳಬೇಕಿತ್ತು. “ಹಂಗ್ಯಾಕ ಅಂತೀರಿ ಖಾಜಾಸಾಬ್, ಎಲ್ಲಾ ಸರಿಹೋಗ್ತದ,” ಎಂದು ಹೇಳಿ ನನ್ನ ಬಾಟ್ಲಿಗಳ ಬುಟ್ಟಿ ಎತ್ತಿಕೊಂಡು ಬಂದೆ.

ಅಕ್ಕ ಖಾಜಾಸಾಬರನ್ನು ಬಿಟ್ಟುಕೊಡಲಿಲ್ಲ. ಅಚ್ಚಿಗೆ ಹೋಗುವ ಮೊದಲು ತಾನೇ ಆ ಊರಿಗೆ ಹೋಗಿ ಅಡುಗೆ ಮಾಡುವುದನ್ನು ಕಣ್ಣಾರೆ ನೋಡಿ ಬರುತ್ತೇನೆ ಎಂದಳು. ನನ್ನನ್ನೂ ಕರೆದುಕೊಂಡಳು. ಇಡೀ ದಾರಿ ಬಸ್ಸಿನಲ್ಲಿ ನಾನು ಅವಳ ಪಕ್ಕದಲ್ಲೇ ಇದ್ದೆ. ಊರು ಬರುವ ಮೊದಲು ಹೇಳಿಬಿಡಬೇಕೆಂದು ನೂರು ಸಲ ಬಾಯಿ ತೆರೆದೆ. ಊರು ಬಂತು.

ಕಾಶಮ್ಮನ ಮನೆಗೇ ಮೊದಲು ಹೋದೆವು. ಅವಳು ಒಲೆಯ ಮುಂದೆ ಕುಳಿತಿದ್ದಳು. ಬಾಣಲೆಗೆ ಎಣ್ಣೆ ಹಾಕಿದ್ದು ಪ್ಯಾಕೆಟಿನಿಂದ. ಅಕ್ಕ ಆ ಪ್ಯಾಕೆಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಓದಿದಳು. ತಾಳೆ ಎಣ್ಣೆ. ಕುಸುಬಿ ಇಲ್ಲವೇ ಎಂದು ಕೇಳಿದಳು.

ಕಾಶಮ್ಮ ನಾಚಿಕೊಂಡು ನಕ್ಕಳು. “ಅದು ಹಬ್ಬಕ್ಕ, ಬೀಗರು ಬಂದಾಗ್ರಿ ಬಾಯಾರ. ದಿನಾ ಇದಾನ. ಮಂದಿ ಕೇಳಿದ್ರ ಕುಸುಬಿ ಅಂತ ಹೇಳ್ತೇವಿ, ಏನ್ ಮಾಡೂದ್ರಿ.” ಆಮೇಲೆ ನನ್ನ ಕಡೆ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: “ತಂಗಿ, ಇವತ್ತು ಒಯ್ಯಿ ಬೇಕಾದಷ್ಟು. ಅವತ್ತು ಶನಿವಾರ ಅಂತ ನಿನ್ನ ಬರಿಗೈಲೆ ಕಳಿಸಿದ್ದೆ, ನನಗ ಮನಸ್ಸಿಗೆ ಹತ್ತಿತ್ತು ನೋಡು.”

ಅಕ್ಕ ನನ್ನ ಮುಖ ನೋಡಲಿಲ್ಲ. ಚೀಲದಿಂದ ಕಂದು ಬಾಟ್ಲಿ ತೆಗೆದು ಕಾಶಮ್ಮನ ಮುಂದೆ ಹಿಡಿದಳು. ಕಾಶಮ್ಮ ಮಾಡಿದ ರೊಟ್ಟಿ ತಿಂದಳು, ಮಕ್ಕಳನ್ನು ಮಾತಾಡಿಸಿದಳು. ಉಳಿದ ಮನೆಗಳಿಗೂ ಹೋದೆವು. ಎಲ್ಲ ಕಡೆ ಅದೇ ಪ್ಯಾಕೆಟು.

ಬಸ್ಸಿಗೆ ಕಾಯುವಾಗ ಬೇವಿನ ಗಿಡದ ಕೆಳಗೆ ನಾವಿಬ್ಬರೇ.

“ಎಷ್ಟು ಮನಿದು?” ಎಂದು ಕೇಳಿದಳು.

“ಎಲ್ಲಾ, ಅಕ್ಕಾ.”

ಬೈಯಬಹುದೆಂದು ಕಾದೆ. ಅವಳು ಹೇಳಿದ ಮಾತು ಇದು: “ಶನಿವಾರ ಅಂತ ಇಟ್ಟಾಕಿ ನಾನು. ಈ ಸೀಮ್ಯಾಗ ಹುಟ್ಟಿ, ಅವ್ವನ ಕೈಯಾಗ ಬೆಳದು, ನಾನೂ ಮರತೆ. ಆ ತಪ್ಪು ನಂದು, ಅದನ್ನ ನಾ ಹೊರ್ತೇನಿ. ಖಾಜಾಸಾಬಗ ಮಾತ್ರ ನೀನ ಹೇಳಬೇಕು. ನಾ ಹೇಳಿದ್ರ ಚಾಡಿ ಆಗ್ತದ. ನೀ ಹೇಳಿದ್ರ ಆ ಮನಷ್ಯಾಗ ಅವನ ಕೈ ತಿರುಗಿ ಸಿಗ್ತದ.”

ಅಕ್ಕ ಮಾರನೆಯ ದಿನವೇ ಲೇಖನ ಅಚ್ಚು ಮಾಡಬೇಡಿ ಎಂದು ಬರೆದಳು. ಮುಖ್ಯಸ್ಥರು ಸಿಟ್ಟಾದರು. ಆ ಒಂದು ಊರನ್ನು ಸದ್ದಿಲ್ಲದೆ ಕೈಬಿಟ್ಟು ಉಳಿದದ್ದನ್ನು ಬರೆಯಿರಿ, ಯಾರಿಗೆ ಗೊತ್ತಾಗುತ್ತದೆ ಎಂದರು. ಅವಳು ಒಪ್ಪಲಿಲ್ಲ. ಸಂಗ್ರಹದ ಏರ್ಪಾಡು ತನ್ನದು, ಅದರಲ್ಲಿ ತಪ್ಪಾಗಿದೆ, ಲ್ಯಾಬಿನಲ್ಲಿ ಅಲ್ಲ ಎಂದಷ್ಟೇ ಹೇಳಿದಳು. ಯಾರ ಹೆಸರೂ ಎತ್ತಲಿಲ್ಲ. ತನ್ನನ್ನು ಮೆಚ್ಚಿದ್ದ ವಿಜ್ಞಾನಿಗಳಿಗೂ ತಾನು ಹೇಳಿದ್ದು ಸುಳ್ಳಾಗಿತ್ತು ಎಂದು ತಿಳಿಸಿದಳು. ಆಮೇಲೆ ಬಹಳ ಕಾಲ ಅವಳನ್ನು ಯಾರೂ ಎಲ್ಲಿಗೂ ಕರೆಯಲಿಲ್ಲ. ಖಾಜಾಸಾಬರ ಕೆಲಸ ಉಳಿಯಿತು.

ಅವಳು ಕೆಲಸವನ್ನು ಮೊದಲಿನಿಂದ ಮಾಡಿದಳು. ಪ್ರತಿ ಊರಿಗೂ ಮತ್ತೆ ಹೋದೆವು. ಆ ದಿನದ ಅಡುಗೆ ಮಾಡುವಾಗ ಅಲ್ಲೇ ಕುಳಿತು, ಬಾಣಲೆಗೆ ಹಾಕುವ ಎಣ್ಣೆಯಿಂದಲೇ ತೆಗೆದುಕೊಳ್ಳಬೇಕು. ಯಾವ ಎಣ್ಣೆ ಎಂದು ಕೇಳುವುದೇ ಬೇಡ. ಶನಿವಾರ ಹೋಗಬಾರದು, ದೀಪ ಹಚ್ಚಿದ ಮೇಲೆ ಹೋಗಬಾರದು. ರಮಜಾನಿನಲ್ಲಿ ಮುಸ್ಲಿಂ ಮನೆಗಳ ರಕ್ತ ತೆಗೆಯಬಾರದು, ಬೆಳಗಿನ ಜಾವ ಸಹರಿ ಉಂಡಿರುತ್ತಾರೆ, ಹೊಟ್ಟೆ ಖಾಲಿ ಇರುವುದಿಲ್ಲ. ಕೊನೆಯದನ್ನು ಹೇಳಿಕೊಟ್ಟವರು ಖಾಜಾಸಾಬ್. ಈಗಿನ ಹುಡುಗಿಯರೇ, ನಿಮಗೆ ತರಬೇತಿಯಲ್ಲಿ ಹೇಳುವ ಈ ನಿಯಮಗಳು ಪುಸ್ತಕದಿಂದ ಬಂದವಲ್ಲ. ಹೀಗೆ ಮಾಡಿದ ಮೇಲೆ ಎಣ್ಣೆ ಮತ್ತು ರಕ್ತ ಒಂದಕ್ಕೊಂದು ಹೊಂದಿದವು. ಕುಸುಬಿ ಎನ್ನುವ ನಾಲಿಗೆಯ ಹಿಂದೆ ನಮ್ಮ ಸೀಮೆಯ ಒಲೆ ಎಷ್ಟು ಬದಲಾಗಿದೆ ಎನ್ನುವುದು ಅಕ್ಕನ ಕೆಲಸದಿಂದ ಮೊದಲ ಸಲ ಕಂಡಿತು. ಅವಳ ಹೆಸರು ನಿಂತದ್ದು ಅದರಿಂದಲೇ.

ಇದೆಲ್ಲದರ ನಡುವೆ ಒಂದು ದಿನ ಅಕ್ಕ ಕೇಳಿದಳು, ಖಾಜಾಸಾಬರಿಗೆ ಹೇಳಿದೆಯಾ ಎಂದು.

ಹೇಳಿದೆ ಎಂದೆ.

ನಾನು ಹೇಳಿರಲಿಲ್ಲ. ಅವರ ಕೆಲಸ ಉಳಿದಿತ್ತು, ಮುಖ್ಯಸ್ಥರ ಬಾಯಿ ಮುಚ್ಚಿತ್ತು, ಇನ್ನೇನು ಬೇಕು ಎಂದುಕೊಂಡೆ. ಎಣ್ಣೆಯ ಸುಳ್ಳಿಗೆ ಕುಬಸದ ನೆಪವಾದರೂ ಇತ್ತು. ಈ ಸುಳ್ಳಿಗೆ ಯಾವ ನೆಪವೂ ಇಲ್ಲ. ಅಕ್ಕ ನನ್ನ ಮಾತು ನಂಬಿದಳು, ಮತ್ತೆ ಎಂದೂ ಕೇಳಲಿಲ್ಲ. ವರ್ಷಗಳು ಕಳೆದವು. ಖಾಜಾಸಾಬ್ ಎಲ್ಲವನ್ನೂ ಎರಡೆರಡು ಸಲ ತೂಗುವ, ಹಾಕಿದ ಬೀಗವನ್ನು ತಿರುಗಿ ಬಂದು ಎಳೆದು ನೋಡುವ ಮನುಷ್ಯರಾದರು. ಹೊಸದಾಗಿ ಬಂದವರು ಅದನ್ನು ಕಂಡು ನಗುತ್ತಿದ್ದರು. ನಾನೂ ಅವರ ಜೊತೆ ನಕ್ಕದ್ದುಂಟು.

ಅಕ್ಕನ ಬೀಳ್ಕೊಡುಗೆಯ ದಿನ, ಅದಕ್ಕೂ ಮೊದಲೇ ನಿವೃತ್ತರಾಗಿದ್ದ ಖಾಜಾಸಾಬ್ ಜೇವರ್ಗಿಯಿಂದ ಬಂದಿದ್ದರು. ಮಾತನಾಡಲು ಒತ್ತಾಯ ಮಾಡಿದಾಗ ಮೈಕ್ ಮುಂದೆ ನಿಂತರು. “ನಾ ದೊಡ್ಡ ಮಾತು ಆಡಾವಲ್ಲ. ಒಮ್ಮೆ ನನ್ನ ಕೈಲೆ ಒಂದು ಊರಿನ ಎಲ್ಲಾ ನಂಬರು ತಪ್ಪಿದ್ವು. ಮೇಡಂ ಅದನ್ನ ತಮ್ಮ ಮ್ಯಾಲ ಹಾಕ್ಕೊಂಡು ನನ್ನ ರೊಟ್ಟಿ ಉಳಿಸಿದ್ರು. ಇಷ್ಟು ದಿನ ಬಾಯಿ ಬಿಟ್ಟು ಹೇಳಿದ್ದಿಲ್ಲ. ಇವತ್ತು ಹೇಳಾಕತ್ತೇನಿ.”

ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ ತಿರುಗಿ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿದಳು. ಎದ್ದು ಮೈಕ್ ಹಿಡಿದು, “ಖಾಜಾಸಾಬ್, ನಿಮ್ಮ ಕೈ ಒಮ್ಮೆಯೂ ತಪ್ಪಿಲ್ರಿ,” ಎಂದಳು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಖಾಜಾಸಾಬ್ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರು. ಅದನ್ನೂ ಅವಳ ದೊಡ್ಡತನವೆಂದೇ ತಿಳಿದರು.

ಮನೆಗೆ ಬಂದ ಮೇಲೆ ಅಕ್ಕ ಹಾರ ತೆಗೆದಿಟ್ಟು, ನನ್ನೊಡನೆ ಮಾತಾಡದೆ ಒಳಗೆ ಹೋದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನೊಡನೆ ಮಾತು ಬಿಟ್ಟದ್ದು ಅದೊಂದೇ ಸಲ. ಹಲವು ದಿನ ಹಾಗೆಯೇ ನಡೆಯಿತು. ನಾನು ಅಡುಗೆ ಮಾಡಿ ಬಡಿಸಿದರೆ ಉಣ್ಣುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಅಷ್ಟೆ. ಕಡೆಗೆ ನಾನೇ ಜೇವರ್ಗಿಗೆ ಹೋಗುತ್ತೇನೆ ಎಂದೆ. “ಹೋಗು. ನಾ ಬರೂದಿಲ್ಲ. ನಾ ಕೂಡ ಬಂದ್ರ ಆ ಮನಷ್ಯಾ ಮತ್ತ ನನ್ನ ಮಾರಿ ನೋಡಿ ಕೈ ಮುಗೀತಾನ,” ಎಂದಳು.

ಖಾಜಾಸಾಬರ ಮನೆ ಜೇವರ್ಗಿಯ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅವರು ಅಂಗಳದಲ್ಲಿ ಮಂಚದ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದರು, ಚಹಾಕ್ಕೆ ಕೂಗಿ ಹೇಳಿದರು. ಚಹಾ ಬರುವ ಮೊದಲೇ ಹೇಳಿಬಿಟ್ಟೆ. ನಾದಿನಿಯ ಕುಬಸ, ಕಾಶಮ್ಮನ ಬಾಗಿಲು, ಗಾಣದ ಡಬ್ಬಿ, ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಹಾಕಿದ್ದು, ತೊಟ್ಟಿಯ ಹತ್ತಿರ ಅವರು ಆಡಿದ ಮಾತು ಕೇಳಿಯೂ ಬುಟ್ಟಿ ಎತ್ತಿಕೊಂಡು ಹೋದದ್ದು, ಅಕ್ಕನಿಗೆ ಹೇಳಿದ ಎರಡನೆಯ ಸುಳ್ಳು. ಯಾವುದನ್ನೂ ಬಿಡಲಿಲ್ಲ. ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಆ ಕೆಲಸವನ್ನೂ ಅವರ ಮೇಲೆ ಹೊರಿಸಿದಂತೆ ಅನಿಸಿತು.

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟು ನೋಡುತ್ತ ಕುಳಿತರು.

“ನಂಬರು ತಪ್ಪಿದ್ದಿಲ್ಲ?” ಎಂದರು.

“ಒಂದೂ ತಪ್ಪಿದ್ದಿಲ್ರಿ.”

“ಮೂರು ಸಲ ಮಾಡಿದ್ದೆ ನಾನು. ಮೂರೂ ಸಲ ಸರಿ ಇತ್ತು?”

“ಮೂರೂ ಸಲ ಸರಿ ಇತ್ರಿ ಖಾಜಾಸಾಬ್.”

ಅವರು ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಚಹಾದ ತಟ್ಟೆ ಹಿಡಿದು ಬಂದು, ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತರು. ತಟ್ಟೆ ಕೆಳಗಿಟ್ಟು ಕುಳಿತುಕೊಳ್ಳಲು ಖಾಜಾಸಾಬ್ ಕೈಸನ್ನೆ ಮಾಡಿದರು. ಆಮೇಲೆ ನನ್ನ ಕಡೆ ನೋಡಿ, “ಈಕಿ ಎಲ್ಲಾ ವರ್ಷ ನನ್ನ ಬೀಗ ಎಳದು ನೋಡೂದು ನೋಡ್ಯಾಳ. ಈಗ ಹೇಳಿದ್ದೆಲ್ಲಾ ಮತ್ತೊಮ್ಮೆ ಹೇಳ್ರಿ ಸುಗಲಾಬಾಯಿ. ಈಕಿ ಕೇಳಲಿ,” ಎಂದರು.

ನಾನು ಆಕೆಯ ಕಡೆ ತಿರುಗಿ ಕುಳಿತು, ಶನಿವಾರ ಮುಂಜಾನೆಯಿಂದ ಮತ್ತೆ ಹೇಳತೊಡಗಿದೆ.